ನಾಟಕದ ದಿನದ ನಿದ್ದೆ

ಅಪ್ಪ,

ಇವತ್ತು ಬೆಳಿಗ್ಗೆ ಎದ್ದಾಗ ತಲೆ ಭಾರವಿರಲಿಲ್ಲ. ನೀನು ಹೋಗಿ ಹನ್ನೊಂದು ವರ್ಷವಾದರೂ ಇದನ್ನು ಮೊದಲು ನಿನಗೇ ಹೇಳಬೇಕೆನಿಸಿತು.

ಹೋದ ತಿಂಗಳು ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಣೆಗೆ ಕುಳಿತವಳು ಅಲ್ಲೇ ಗೊರಕೆ ಹೊಡೆದೆ. ಮಕ್ಕಳೆಲ್ಲ ನಕ್ಕರಂತೆ. ಡಾಕ್ಟರು ಪರೀಕ್ಷಿಸಿ, ನಿದ್ದೆಯಲ್ಲಿ ಗಂಟೆಗೆ ಮೂವತ್ತು ಸಲ ಉಸಿರು ನಿಲ್ಲುತ್ತಿದೆ ಎಂದರು. ಮೂಗಿನ ಮಾಸ್ಕಿಗೆ ಉದ್ದ ಕೊಳವೆಯಿಂದ ಗಾಳಿ ಊದುವ ಸಿಪ್ಯಾಪ್ ಯಂತ್ರ ಬರೆದುಕೊಟ್ಟರು. ಮೊದಲ ವಾರ ಉಸಿರು ಕಟ್ಟಿದಂತಾಗಿ ಮಾಸ್ಕ್ ಕಿತ್ತೆಸೆಯುತ್ತಿದ್ದೆ. ನಿನ್ನ ಅಳಿಯ, "ಆನೆಮರಿ ಥರ ಮುದ್ದಾಗಿದೀಯ, ಇರ್ಲಿ ಬಿಡು" ಎಂದು ನಗಿಸಿ ಮತ್ತೆ ಕಟ್ಟುತ್ತಿದ್ದರು.

ಮಾಸ್ಕಿನ ಪಟ್ಟಿ ಸರಿಮಾಡಿಸಲು ಆಸ್ಪತ್ರೆಗೆ ಹೋದಾಗ ನರ್ಸಮ್ಮ ಕೇಳಿದರು, "ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ಹೀಗಿತ್ತಾ?"

"ನಮ್ಮಪ್ಪ ಕೂತಲ್ಲೇ ನಿದ್ದೆ ಹೋಗೋರು."

"ಪಾಪ, ರಾತ್ರಿ ಅವರಿಗೆ ನಿದ್ದೇನೇ ಆಗ್ತಿರ್ಲಿಲ್ವೇನೋ."

ನನ್ನ ಕಾಲೇಜಿನ ನಾಟಕಕ್ಕೆ ನೀನು ಬಂದದ್ದು ನೆನಪಾಯಿತು. ದಿನವಿಡೀ ಅಂಚೆ ವಿಂಗಡಿಸಿ, ಇಸ್ತ್ರಿ ಮಾಡಿದ ಬಿಳಿ ಷರ್ಟು ತೊಟ್ಟು, ತಲೆ ಬಾಚಿಕೊಂಡು ಬಂದು ಎಲ್ಲರಿಗಿಂತ ಮುಂದೆ ಕುಳಿತಿದ್ದೆ ನೀನು. ರಾಣಿಯಾದ ನಾನು ಸಾಯುವ ಹೊತ್ತಿಗೆ ನಿನ್ನ ಗೊರಕೆ ಕೇಳಿ ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಮನೆಯ ದಾರಿಯುದ್ದಕ್ಕೂ ನಾನು ಬಿರಬಿರನೆ ಮುಂದೆ ನಡೆದೆ. ನನ್ನ ಚೀಲ ಹೊತ್ತುಕೊಂಡು ಹಿಂದೆ ಬಂದೆ ನೀನು.

ಮರುವರ್ಷ ನೀನೇ ಕೇಳಿದೆ, "ಈ ಸಲ ನಾಟಕ ಇಲ್ವೇನಮ್ಮ?"

"ಇಲ್ಲಪ್ಪ" ಎಂದೆ.

ಇತ್ತಪ್ಪ. ಮುದುಕಿಯ ಪಾತ್ರ ಮಾಡಿದ್ದೆ. ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು. ಯಾರೂ ಗೊರಕೆ ಹೊಡೆಯಲಿಲ್ಲ.