ಗೇಟಿನ ಬಣ್ಣ

ಅಣ್ಣಾ,

ಔರಾದ ಬಸ್ಸಿಗಿ ಸಂತಪುರ ಸಾಲಿಗಿ ಹೊಂಟೇನಿ, ಮಕ್ಕಳ ಪಾಠ ತಪ್ಪಿಸಂಗಿಲ್ಲ. ಹೆಣ್ಣುಮಕ್ಕಳು ಗಾಡಿ ಹೊಡದ್ರ ಇಂಜಿನ್ ಕಾದು ನಿಂದರ್ತದ ಅಂತ ನನ್ನ ಬೈಕಿನ ಕೀಲಿ ಇಸ್ಕೊಂಡ್ಯಲ್ಲಾ, ನಿನ್ನಿ ಗಾಡಿ ಮಿಸ್ತ್ರಿ ಜುಲ್ಫೀಕಾರ ಬಂದು ನೋಡ್ಯಾನ. ದಸರಾ ಪೂಜಿಗಿ ಛಂದ ಕಾಣ್ಲಿ ಅಂತ ನೀ ಗೇಟಿಗಿ ಹಚ್ಚಿ ಉಳಿದ ಬೆಳ್ಳಿ ಬಣ್ಣ ಇಂಜಿನ್ನಿಗೂ ದಪ್ಪಗ ಬಳದಿ. ಇಂಜಿನ್ನಿನ ಪಟ್ಟಿ ನಡುವಿನ ಸಂದಿ ಎಲ್ಲಾ ಮುಚ್ಯಾವ, ಗಾಳಿ ಆಡವಲ್ದು. ಕರೇ ಬಣ್ಣ ಕಾವು ಹೊರಗ ಬಿಡ್ತದ, ಬೆಳ್ಳಿ ಬಣ್ಣ ಅಷ್ಟು ಬಿಡೂದಿಲ್ಲಂತ.

ಬಣ್ಣ ಬಿಡಸೂ ಥಿನ್ನರ್, ಹಳೀ ಬ್ರಷ್, ಕರೇ ಬಣ್ಣದ ಡಬ್ಬಿ ಮೆಟ್ಟಲ ಮ್ಯಾಲ ಇಟ್ಟೇನಿ. ಇಂಜಿನ್ನಿನ ಬೆಳ್ಳಿ ಬಣ್ಣ ಪೂರಾ ತೆಗಿ. ಕರೇದು ಒಂದೇ ಸಲ ತೆಳ್ಳಗ ಹಚ್ಚು. ಹೆಡ್‌ಲೈಟಿನ ಕುಂಕುಮ ಅಳಿಸಬ್ಯಾಡ.

ರೊಟ್ಟಿ ಮುಚ್ಚಿಟ್ಟೇನಿ, ಮೊದಲ ಉಣ್ಣು.

ಸಂಜಿಗಿ ಗಾಡಿ ಕೀಲಿ ಗ್ವಾಡಿ ಮೊಳಿಗಿ ಹಾಕಿರು. ಬೆಳ್ಳಿ ಬಣ್ಣ ಗೇಟಿಗೇ ಇರ್ಲಿ. ಅದು ನಿಂತಲ್ಲೇ ನಿಂದರೂದು, ನಾ ಹೋಗಾಕಿ.

ಸೌಂದರ್ಯಾ