ಆಚೆ ದಡದ ಮನುಷ್ಯ

ಜನವರಿ ೧೮

೧. ಅರ್ಜಿದಾರ: ನಿನ್ನ ಗಂಡ, ನಿವೃತ್ತ ಅರ್ಜಿ ಬರಹಗಾರ.
೨. ಎದುರುದಾರಳು: ನೀನು, ಸದ್ಯ ತಂಗಿಯ ಮನೆಯಲ್ಲಿ ವಾಸ.
೩. ವಿಷಯ: ನೀನು ಅಲ್ಲಿ ಮುಗಿಸುತ್ತಿರುವ, ಚಳಿಗಾಲದ ಕೆರೆಯ ತೈಲಚಿತ್ರ.

ಪ್ರಿಯ ಸಹಧರ್ಮಿಣಿಗೆ,

ಉತ್ತರ ತಡವಾದುದಕ್ಕೆ ಕ್ಷಮೆಯಿರಲಿ. ನಾನು ಕ್ಷೇಮ. ಅಡುಗೆಮನೆಯ ನಲ್ಲಿ ಸೋರುವುದು ನಿಂತಿದೆ. ನಡುಮನೆಯಲ್ಲಿ ಇನ್ನೂ ನಿನ್ನ ಅಗಸೆ ಎಣ್ಣೆಯ ವಾಸನೆಯಿದೆ.

ಚಿತ್ರಕಲೆಯ ತರಗತಿಗೆ ನಾವಿಬ್ಬರೂ ಒಂದೇ ದಿನ ಸೇರಿದೆವೆಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಮೇಷ್ಟ್ರು ಕೊಟ್ಟ ಹಿಮನಾಡಿನ ಫೋಟೋ ನೋಡಿ ಇಬ್ಬರೂ ಬರೆದದ್ದು ಅದೇ ಕೆರೆ, ಅದೇ ಹಿಮ. ಪ್ರದರ್ಶನಕ್ಕೆ ಆಯ್ಕೆಯಾದದ್ದು ಮಾತ್ರ ನಿನ್ನದು. ಕಳೆದ ವಾರ ಮೇಷ್ಟ್ರು ನನ್ನ ಕ್ಯಾನ್ವಾಸಿನ ಮುಂದೆ ಗಲ್ಲ ಕೆರೆದುಕೊಳ್ಳುತ್ತ ನಿಂತರು.

"ಯಜಮಾನ್ರೇ, ಆಚೆ ದಡದ ಮರಕ್ಕೂ ಒಂದೊಂದು ರೆಂಬೆ ಬಿಡಿಸಿದೀರಲ್ಲ. ದೂರದ್ದು ಮಸುಕಾಗ್ಬೇಕು. ಚೂರು ನೀಲಿ, ಚೂರು ಬಿಳಿ ಬೆರೆಸಿ, ಹಸಿ ಇರುವಾಗ್ಲೇ ಅಂಚು ಸವರಿಬಿಡಿ."

ಇರುವ ರೆಂಬೆಯನ್ನು ಇಲ್ಲವೆನ್ನುವುದು ಯಾವ ನ್ಯಾಯವೆಂದು ಕೇಳಿದೆ.

"ನಿಮ್ಮ ಮನೆಯವರನ್ನೇ ಕೇಳಿ. ಅವರು ಗಾಳೀನೂ ಬರೀತಾರೆ" ಎಂದರು. ತರಗತಿಯೇ ನಕ್ಕಿತು, ನಾನೂ ಹಲ್ಲು ಕಿರಿದೆ.

ಅಲ್ಲಿಂದ ಕ್ಷೌರದಂಗಡಿಗೆ ಹೋದರೆ ಅಲ್ಲಿಯೂ ನಿನ್ನದೇ ಸುದ್ದಿ. "ಅಮ್ಮಾವ್ರು ದೊಡ್ಡ ಕಲಾವಿದೆ ಆಗ್ಬಿಟ್ರಂತೆ. ನೀವು ಬ್ರಷ್ ತೊಳ್ಕೊಡ್ತೀರಾ ಸಾರ್?" ಎಂದ ಕ್ಷೌರಿಕ. ಕತ್ತಿ ಅವನ ಕೈಯಲ್ಲಿದ್ದುದರಿಂದ ಹೌದೆಂದು ಒಪ್ಪಿಕೊಂಡೆ.

ಪೂರ್ತಿಯಾಗುವ ಮೊದಲೇ ಫೋಟೋ ತೆಗೆದು, ಪ್ರದರ್ಶನದ ಆಹ್ವಾನಪತ್ರಿಕೆಯ ಮೇಲೆ ನಿನ್ನ ಚಿತ್ರವನ್ನೇ ಅಚ್ಚು ಹಾಕಿಸಿದ್ದಾರೆ. ಹತ್ತಿರದ ಬೇಲಿ ಗಟ್ಟಿ ಕಂದು. ನಡುವಿನ ಹಿಮದ ಮೇಲೆ ನೇರಳೆ ನೆರಳು. ಆಚೆ ದಡ ಉಸಿರಿನಷ್ಟು ತೆಳು. ನೋಡುತ್ತಿದ್ದಂತೆ ನನ್ನ ಕಿವಿ ತಣ್ಣಗಾಯಿತು. ನನಗೆ ಹೊಟ್ಟೆಕಿಚ್ಚಾಯಿತೆಂದು ಈ ಮೂಲಕ ನಿವೇದಿಸಿಕೊಳ್ಳುತ್ತೇನೆ. ಈ ವಾಕ್ಯ ಹೊರಡಲೊಲ್ಲದೆ ಕಾಗದ ತಡವಾಯಿತು.

ಪ್ರದರ್ಶನದಲ್ಲಿ ಎಲ್ಲರ ಕಾಲೂ ನಿನ್ನ ಚಿತ್ರದ ಮುಂದೆಯೇ ನಿಲ್ಲಲಿ. ನಿನ್ನ ಕೈಗೆ ಒಳ್ಳೆಯದಾಗಲಿ.

ಮರೆತ ಮಾತು: ನಿನ್ನ ಚಿತ್ರದ ಆಚೆ ದಡದ ಮಂಜಿನಲ್ಲಿ ಬೂದು ಬಣ್ಣದ ಒಬ್ಬ ಮನುಷ್ಯನಿದ್ದಾನೆ. "ಚಿತ್ರದ ಆಳವೆಲ್ಲ ಅವನಿಂದಲೇ" ಎನ್ನುತ್ತಾರೆ ಮೇಷ್ಟ್ರು. ಅವನ ಎಡಭುಜ ನನ್ನದರಂತೆಯೇ ತಗ್ಗಿದೆ. ಈಚೆ, ಬೇಲಿಯ ಪಕ್ಕದ ಬೆಂಚಿನಲ್ಲಿ ನಿನ್ನ ಕೆಂಪು ಶಾಲಿದೆ. ಅದರ ಪಕ್ಕ ಒಬ್ಬರು ಕೂರುವಷ್ಟು ಜಾಗ ಖಾಲಿಯಿದೆ. ಒಂದೇ ಮನೆಯಲ್ಲಿದ್ದವನು ನಿನಗೆ ಅಷ್ಟು ದೂರ ಕಂಡೆನೇ? ನನ್ನ ಕೋಟು ಬೂದಲ್ಲ, ಕಂದು. ಬಣ್ಣ ಇನ್ನೂ ಹಸಿಯಿದ್ದರೆ ನನ್ನನ್ನು ಆ ಬೆಂಚಿನವರೆಗೆ ಕರೆತರಬೇಕಾಗಿ ಪ್ರಾರ್ಥನೆ. ಆಳ ಹೋದರೆ ಹೋಗಲಿ.

ಇಂತಿ ನಿನ್ನವ,
(ಸಹಿ) ಅರ್ಜಿದಾರ

ಅಡಕ: ಕೋಟಿನ ಒಳಮಡಿಕೆಯಿಂದ ಕತ್ತರಿಸಿದ ಬಟ್ಟೆಯ ತುಂಡು, ಬಣ್ಣ ಹೋಲಿಸುವ ಸಲುವಾಗಿ.