ಬಾಣಂತಿ ಕೋಣೆಯ ಕಂಬ

ಹಿರೇವಡ್ಡಟ್ಟಿ
೨೫ ಅಕ್ಟೋಬರ್ ೧೯೫೬

ಮುಂಡರಗಿಗೆ ವರ್ಗವಾಗಿ ಹೋದ ಅಂದಪ್ಪ ಮಾಸ್ತರರಿಗೆ ಸಾವಂತ್ರೆವ್ವನ ನಮಸ್ಕಾರ.

ಹೋದ ವರ್ಷದ ಮಳೆಗೆ ನಮ್ಮ ಮಣ್ಣಿನ ಮಾಳಿಗೆಯ ತೊಲೆ ಸೀಳಿದಾಗ ಕೆಳಗೆ ಮಲಗಿದ್ದವಳು ಮಗಳು ದುರಗವ್ವ, ಹಸಿ ಬಾಣಂತಿ. ಅವಳನ್ನು ಹೊರಗೆ ತರಲು ನಾನೇ ಬಿಡಲಿಲ್ಲ. ಬಾಣಂತಿಗೆ ಥಂಡಿ ಗಾಳಿ ತಾಗಬಾರದೆಂಬ ಹಟ ನನ್ನದು. ನೀವು ವಾದಕ್ಕೆ ನಿಲ್ಲಲಿಲ್ಲ. “ಆತು ಬಿಡವ್ವಾ, ಆಕಿ ಅಲ್ಲೇ ಇರ್ಲಿ. ನಾವು ಮಾಳಗಿ ಹಿಡೀತೀವಿ” ಎಂದಿರಿ. ಆ ಮಳೆಯಲ್ಲಿ ಬೇರೆ ಗಟ್ಟಿ ಮರ ಸಿಗದೆ ಶಾಲೆಯ ಧ್ವಜದ ಕಂಬವನ್ನೇ ಕೊಯ್ಯಿಸಿ ತಂದು ತೊಲೆಗೆ ಆಸರೆ ನಿಲ್ಲಿಸಿದಿರಿ. ಆಮೇಲೆ ಮೇಲಿನವರಿಂದ ಏನೇನು ಕೇಳಿಸಿಕೊಂಡಿರೋ, ನಮ್ಮ ಮುಂದೆ ಒಂದು ಮಾತೂ ಆಡಲಿಲ್ಲ.

ಈಗ ಹೊಸ ತೊಲೆ ಕೂತಿದೆ. ಕನ್ನಡ ನಾಡು ಒಂದಾಗುವ ದಿನಕ್ಕೆಂದು ಶಾಲೆಯ ಮುಂದೆ ಹೊಸ ಕಂಬವನ್ನೂ ನೆಡಿಸಿದ್ದೇವೆ. ಬಾವುಟ ಏರಿಸಲು ನೀವೇ ಬರಬೇಕು. ಊಟ ನಮ್ಮಲ್ಲಿ.

ಹಳೆಯ ಕಂಬವನ್ನು ಮಾತ್ರ ಕೇಳಬೇಡಿ. ಬಡಿಗೇರರು ಅದನ್ನು ಕೀಳಲು ಬಂದಾಗ ಮೊಮ್ಮಗಳು ಅದನ್ನೇ ತಬ್ಬಿಕೊಂಡು ಮೊದಲ ಸಲ ಎದ್ದು ನಿಂತಿದ್ದಳು. ಅವರಿಗೆ ಚಹಾ ಕುಡಿಸಿ ವಾಪಸ್ ಕಳಿಸಿದೆ.

ಇಂತಿ,
ಸಾವಂತ್ರೆವ್ವ
ಬರೆದುಕೊಟ್ಟವಳು: ದುರಗವ್ವ